ಅವರ ದಿನ ಮುಗಿಯುವ ತನಕ

ಮೇಡಮ್ ಹೋದ ಸುದ್ದಿ ನನಗೆ ತಲುಪಿದಾಗ ನಾನು ಮಲೇಷ್ಯಾದ ನಿಲಾಯ್‌ನಲ್ಲಿ ತಮಿಳು ಮುಸ್ಲಿಮರ ಒಂದು ಮಾಮಾಕ್ ಅಂಗಡಿಯ ಮುಂದೆ, ಮನೆಗೊಯ್ಯಲು ರೊಟ್ಟಿ ತಪಾವ್ ಮಾಡಿಸಿಕೊಳ್ಳುತ್ತಾ ನಿಂತಿದ್ದೆ. ಪೆನಾಂಗ್‌ನಿಂದ ಅವರ ಮಗ ಫೋನ್ ಮಾಡಿದ್ದ. "ಮಮ್ಮಿ ಬೆಳಿಗ್ಗೆ ಹೋದ್ರು ಅಂಕಲ್, ನಿದ್ದೆಯಲ್ಲೇ," ಎಂದ. ಏನೋ ನಾಲ್ಕು ಮಾತು ಹೇಳಿ ಫೋನ್ ಇಟ್ಟೆ. ಆಗ ಮೊದಲು ಅನ್ನಿಸಿದ್ದು ದುಃಖವಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಒಂದು ಥರದ ನಿರಾಳ. ಇನ್ನು ಎರಡು ಮೂರು ತಿಂಗಳಿಗೊಮ್ಮೆ ಫೋನ್ ಮಾಡಿ "ಹೇಳಿದ್ರಾ?" ಎಂದು ಯಾರೂ ಕೇಳುವುದಿಲ್ಲವಲ್ಲ ಎನ್ನುವ ನಿರಾಳ. ಅದು ಎರಡು ನಿಮಿಷವೂ ಉಳಿಯಲಿಲ್ಲ. ರೊಟ್ಟಿಯ ಪೊಟ್ಟಣ ಕೈಗೆ ಬರುವಷ್ಟರಲ್ಲಿ ಕಣ್ಣು ತುಂಬಿತ್ತು. ಅಂಗಡಿಯವನು ಗಾಬರಿಯಾಗಿ "ಎನ್ನಾಚ್ಚು ಸಾರ್?" ಎಂದು ಕೇಳಿದ.

ಆಗಿದ್ದು ಇಷ್ಟು. ಮೂರು ವರ್ಷದ ಹಿಂದೆ ನಾನೊಂದು ತಪ್ಪು ಮಾಡಿದ್ದೆ. ಅದರಿಂದ ಒಬ್ಬ ಹುಡುಗಿಯ ಓದು ನಿಂತೇ ಹೋಗುವುದರಲ್ಲಿತ್ತು. ಮೇಡಮ್ ಅದನ್ನು ನಿಲ್ಲಲು ಬಿಡಲಿಲ್ಲ. ತಪ್ಪು ನನ್ನದೆಂದು ಆ ಹುಡುಗಿಗೆ ನಾನೇ ಹೇಳಬೇಕು ಎಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದರು, ನಾನು ಹೇಳಿರಲಿಲ್ಲ.

ಮೇಡಮ್ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ "ಯಾಕೆ, ನಂಗೆ ಎಂತ ಸನ್ಮಾನ ಇಟ್ಕೊಂಡಿದ್ದೀರಾ?" ಎಂದು ಎಲ್ಲಿದ್ದಾರೋ ಅಲ್ಲಿಂದಲೇ ಬೈದಾರು. ಮಂಗಳೂರಿನ ಕ್ಯಾಥೊಲಿಕ್ ಹೆಂಗಸು. ಗಂಡನ ಕೆಲಸದ ಕಾರಣ ಮಲೇಷ್ಯಾಕ್ಕೆ ಬಂದವರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ನಿಲಾಯ್‌ನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ಸ್ಕಾಲರ್‌ಶಿಪ್ ವಿಭಾಗ ಅವರದು. ಅದೇ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗಕ್ಕೆ ನಾನು ಸೇರಿದ ಮೊದಲ ವಾರ, ಲಿಫ್ಟಿನಲ್ಲಿ ನನ್ನ ಕೊರಳಿನ ಗುರುತಿನ ಚೀಟಿ ಓದಿ "ಕನ್ನಡದವರಾ? ಎಲ್ಲಿ?" ಎಂದು ಕೇಳಿದರು. ಮೈಸೂರು ಎಂದೆ. "ಹಾಗಾದ್ರೆ ಕೆಲಸ ನಿಧಾನ," ಎಂದು ನಾಲ್ಕನೇ ಮಹಡಿಯಲ್ಲಿ ಇಳಿದು ಹೋದರು. ನಮ್ಮ ಪರಿಚಯ ಆದದ್ದು ಹೀಗೆ.

ಸಣ್ಣ ಆಳು. ಕುಳಿತರೆ ಮೇಜಿನ ಹಿಂದೆ ಕಾಣುತ್ತಿರಲಿಲ್ಲ. ಆದರೆ ಕಾರಿಡಾರಿನಲ್ಲಿ ಅವರ ಚಪ್ಪಲಿಯ ಸದ್ದು ಕೇಳಿದರೆ ಆರಾಮಾಗಿ ಕಾಲು ಚಾಚಿದ್ದವರೂ ನೆಟ್ಟಗೆ ಕೂರುತ್ತಿದ್ದರು. ಬೆಳಿಗ್ಗೆ ಏಳಕ್ಕೆ ಆಫೀಸು. ಉಳಿದವರೆಲ್ಲ ಒಂಬತ್ತಕ್ಕೆ ಬರುವ ಜಾಗದಲ್ಲಿ ಇವರೊಬ್ಬರು ಏಳಕ್ಕೆ ಬಂದು ಯಾಕೆ ಫೋನ್ ಹಿಡಿದು ಕೂರುತ್ತಾರೆ ಎಂದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಒಮ್ಮೆ ಕೇಳಿಯೇಬಿಟ್ಟೆ. "ಈಗ ಅಲ್ಲಿ ಸಂಜೆ ಏಳು," ಎಂದರು. ಎಲ್ಲಿ? "ವೆಸ್ಟ್ ಇಂಡೀಸಲ್ಲಿ ಮಾರಾಯ್ರೆ. ನಮ್ಗೂ ಅವ್ರಿಗೂ ಸರೀ ಹನ್ನೆರಡು ಗಂಟೆ ವ್ಯತ್ಯಾಸ. ಗಡಿಯಾರ ಬೇರೆ ಬೇಡ, ಇದೇ ಸಾಕು. ಮಕ್ಕಳು ಶಾಲೆ ಮುಗ್ಸಿ ಮನೆಗೆ ಬಂದಿರ್ತಾರೆ, ಅಪ್ಪ ಅಮ್ಮನೂ ಸಿಗ್ತಾರೆ."

ವೆಸ್ಟ್ ಇಂಡೀಸ್ ಎಂದರೆ ಒಂದು ದೇಶ ಎಂದೇ ನಾನು ಆವರೆಗೆ ತಿಳಿದಿದ್ದೆ. ಕ್ರಿಕೆಟ್ ಟೀಮ್ ಒಂದೇ ಇದೆಯಲ್ಲ. ಹಾಗೆಂದದ್ದಕ್ಕೆ ಮೇಡಮ್ ಡ್ರಾಯರಿನಿಂದ ಶಾಲೆಯ ಹಳೆಯ ಅಟ್ಲಾಸ್ ತೆಗೆದು, ಹಾಳೆ ಬಿಡಿಸಿ, ಪೆನ್ಸಿಲ್ ತುದಿಯಿಂದ ಒಂದೊಂದೇ ಚುಕ್ಕೆ ತೋರಿಸಿದರು. ಸೇಂಟ್ ಲೂಸಿಯಾ, ಡೊಮಿನಿಕಾ, ಸೇಂಟ್ ವಿನ್ಸೆಂಟ್, ಗ್ರೆನೇಡಾ. "ಟೀಮ್ ಒಂದು, ಪಾಸ್‌ಪೋರ್ಟ್ ಬೇರೆ ಬೇರೆ. ಇನ್ನೊಮ್ಮೆ ಒಂದೇ ದೇಶ ಅಂದ್ರೆ ನಿಮ್ಮನ್ನು ಮದ್ರಾಸಿನವರು ಅಂತ ಕರೀತೇನೆ."

ಆ ಚುಕ್ಕೆಗಳಿಗಾಗಿ ನಮ್ಮ ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೆ ಒಂದು ಸೀಟು ಇತ್ತು. ಪೂರ್ತಿ ಶುಲ್ಕ, ಹಾಸ್ಟೆಲು, ಊಟ, ವಿಮಾನದ ಟಿಕೆಟ್. ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ ರಾಷ್ಟ್ರಗಳಿಂದ ಒಬ್ಬ ವಿದ್ಯಾರ್ಥಿ. ಹಿಂದೆ ಯಾರೋ ಪುಣ್ಯಾತ್ಮರು ಮಾಡಿಟ್ಟ ನಿಯಮ ಅದು. ಅದರ ಕೆಳಗೆ ಇನ್ನೊಂದು ಸಾಲೂ ಇತ್ತು. ಯಾವುದಾದರೂ ವರ್ಷ ಸರಿಯಾದ ಅರ್ಜಿ ಒಂದೂ ಬರದಿದ್ದರೆ ಆ ಸೀಟು ಸಾಮಾನ್ಯ ಪಟ್ಟಿಗೆ ಸೇರಿಹೋಗುತ್ತದೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ದೊಡ್ಡ ದೇಶಗಳಿಂದ ಅರ್ಜಿ ರಾಶಿರಾಶಿ ಬರುತ್ತಿದ್ದವು. ದ್ವೀಪಗಳಿಂದ ಬರುತ್ತಿದ್ದದ್ದು ಎರಡೋ ಮೂರೋ, ಅವೂ ಅರೆಬರೆ. ನಿರ್ದೇಶಕರು ಆ ಸೀಟು ಯಾವಾಗ ಪಟ್ಟಿಗೆ ಸೇರುತ್ತದೋ ಎಂದು ಕಾಯುತ್ತಿರುವ ಹಾಗಿತ್ತು. ಕೆಟ್ಟ ಮನುಷ್ಯರೇನಲ್ಲ, ಲೆಕ್ಕದ ಮನುಷ್ಯರು. "ಅಷ್ಟು ಸಣ್ಣ ದೇಶಕ್ಕೆ ಪ್ರತ್ಯೇಕ ಸೀಟು ಯಾಕೆ ಬೇಕು ಲಾ?" ಎಂದು, ಇಲ್ಲಿನವರ ಮಾತಿನ ಬಾಲವಾದ 'ಲಾ' ಸೇರಿಸಿ, ವರ್ಷಕ್ಕೊಮ್ಮೆ ಕೇಳುತ್ತಿದ್ದರು. ಮೇಡಮ್ ಉತ್ತರವೂ ವರ್ಷಕ್ಕೊಮ್ಮೆ ಅದೇ. ದೊಡ್ಡ ದೇಶಕ್ಕೆ ಒಬ್ಬ ಎಂಜಿನಿಯರ್ ವಾಪಸ್ ಹೋದರೆ ಅವನೊಬ್ಬ ನೌಕರ, ಈ ದ್ವೀಪಕ್ಕೆ ಒಬ್ಬಳು ವಾಪಸ್ ಹೋದರೆ ಅಲ್ಲಿನ ನೀರಿನ ಇಲಾಖೆಯೇ ಅವಳು.

ಅವರ ಮೇಜಿನ ಮೇಲೆ ಮೂರು ಟ್ರೇ. ಒಂದರ ಮೇಲೆ "ಹೌದು", ಒಂದರ ಮೇಲೆ "ಇಲ್ಲ", ಮೂರನೆಯದರ ಮೇಲೆ "ಕೇಳಿಲ್ಲ" ಎಂದು ಕನ್ನಡದಲ್ಲೇ ಚೀಟಿ ಅಂಟಿಸಿದ್ದರು. ಬೇರೆಯವರು ಓದಿ ತಲೆ ಹಾಕಬಾರದೆಂದು ಕನ್ನಡವಂತೆ. ಅರೆಬರೆ ಅರ್ಜಿ ನೇರವಾಗಿ "ಇಲ್ಲ" ಟ್ರೇಗೆ ಹೋಗುವಂತಿರಲಿಲ್ಲ. ಮೊದಲು "ಕೇಳಿಲ್ಲ" ಟ್ರೇ. ಫೋನ್ ಮಾಡಿ, ಯಾಕೆ ಈ ಕಾಗದ ಇಲ್ಲ ಎಂದು ಕೇಳಿ, ಉತ್ತರ ಬಂದ ಮೇಲೆಯೇ ತೀರ್ಮಾನ. ಕೇಳಿದ ಮೇಲೆ ಅವರಷ್ಟು ಕಠಿಣ ಇನ್ನೊಬ್ಬರಿರಲಿಲ್ಲ. ಒಬ್ಬ ಹುಡುಗ ತನ್ನ ಬಡತನದ ಬಗ್ಗೆ ಆರು ಪುಟ ಬರೆದು ಕಳಿಸಿದ್ದ. ಮೇಡಮ್ ಫೋನಿನಲ್ಲಿ ಅವನಿಗೆ "ಮಗನೇ, ಕಥೆ ಚೆನ್ನಾಗಿದೆ, ಗಣಿತದ ಅಂಕಪಟ್ಟಿ ಎಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಅಂಕಪಟ್ಟಿ ಬಂತು. ಗಣಿತದಲ್ಲಿ ಅವನು ಫೇಲು. ಅರ್ಜಿ "ಇಲ್ಲ" ಟ್ರೇಗೆ ಹೋಯಿತು, ಮೇಡಮ್ ಹಿಂತಿರುಗಿಯೂ ನೋಡಲಿಲ್ಲ.

ಒಮ್ಮೆ ಡೊಮಿನಿಕಾದ ಹುಡುಗನೊಬ್ಬನ ವೀಸಾ ಕಾಗದ ಸರ್ಕಾರಿ ಕಚೇರಿಗಳ ಊರಾದ ಪುತ್ರಜಯಾದಲ್ಲಿ ಸಿಕ್ಕಿಕೊಂಡಿತು. ಅವನ ದೇಶದಲ್ಲಿ ಮಲೇಷ್ಯಾದ ಕಚೇರಿ ಇಲ್ಲ, ಇಲ್ಲಿ ಅವರ ಕಚೇರಿ ಇಲ್ಲ, ಹಾಗಾಗಿ ಮುದ್ರೆ ಹಾಕಬೇಕಾದವರು ಯಾರು ಎಂದು ಯಾರಿಗೂ ಗೊತ್ತಿರಲಿಲ್ಲ. ಮೇಡಮ್‌ಗೆ ಅಷ್ಟು ಅಗಲದ ರಸ್ತೆಯಲ್ಲಿ ಕಾರು ಓಡಿಸಲು ಭಯ, ನಾನು ಕರೆದುಕೊಂಡು ಹೋದೆ. ಕೌಂಟರಿನ ಅಧಿಕಾರಿ ಈ ದೇಶ ಎಲ್ಲಿದೆ ಎಂದು ಕೇಳಿದ. ಮೇಡಮ್ ಚೀಲದಿಂದ ಅಟ್ಲಾಸ್ ತೆಗೆದರು. ಅವನು ನಕ್ಕು, ನಾಳೆ ಬನ್ನಿ ಎಂದ. ಮೇಡಮ್ ಕುರ್ಚಿ ಎಳೆದು ಕುಳಿತರು. ನಾನು ಕಿವಿಯಲ್ಲಿ "ನಾಳೆ ಬಂದು ನೋಡೋಣ ಮೇಡಮ್," ಎಂದೆ.

"ನೀವು ಮೈಸೂರಿನವ್ರು ಎಲ್ಲದಕ್ಕೂ ನೋಡೋಣ ನೋಡೋಣ. ನೋಡೋಣ ಅಂದ್ರೆ ಆಗುದಿಲ್ಲ ಅಂತ ಅರ್ಥ. ಕೂತ್ಕೊಳ್ಳಿ. ಕೂತ್ರೆ ಆಗ್ತದೆ."

ಕುಳಿತೆವು. ಮಧ್ಯಾಹ್ನ ಮೂರರ ಹೊತ್ತಿಗೆ ಒಳಗಿನಿಂದ ಇನ್ನೊಬ್ಬ ಅಧಿಕಾರಿ ಬಂದು, ಅಟ್ಲಾಸ್ ಇಸಿದುಕೊಂಡು ನೋಡಿ, ಮುದ್ರೆ ಹಾಕಿ ಕೊಟ್ಟ. ವಾಪಸ್ ಬರುವಾಗ ಕಾರಿನಲ್ಲಿ ನಾನು ಹೊಗಳಲು ಹೋದರೆ "ಎದುರು ನೋಡಿ ಓಡ್ಸಿ," ಎಂದರು.

ಇಷ್ಟೆಲ್ಲ ನೋಡಿದ ನಾನೇ ಆ ತಪ್ಪು ಮಾಡಿದೆ ಎನ್ನುವುದು ನನಗೆ ಇವತ್ತಿಗೂ ಉರಿಯುತ್ತದೆ.

ಆವರೆಗೆ ಅರ್ಜಿಗಳು ಅಂಚೆಯಲ್ಲಿ, ಈಮೇಲಿನಲ್ಲಿ ಬರುತ್ತಿದ್ದವು. ಆ ವರ್ಷ ಎಲ್ಲವನ್ನೂ ವೆಬ್‌ಸೈಟಿಗೆ ತರಬೇಕೆಂದು ಮೇಲಿನಿಂದ ಆದೇಶವಾಯಿತು. ಕೆಲಸ ನನ್ನ ಪಾಲಿಗೆ ಬಂತು. ಏನೇನು ಬೇಕೆಂದು ಮೇಡಮ್ ಎರಡು ಹಾಳೆ ಬರೆದುಕೊಟ್ಟರು. ಕೊನೆಯಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲು: "ಕೊನೆಯ ದಿನ ಎಂದರೆ ಅವರ ದಿನ ಮುಗಿಯುವ ತನಕ." ಮೂವತ್ತು ವರ್ಷ ಅವರು ನಡೆಸಿಕೊಂಡು ಬಂದ ಪದ್ಧತಿ ಅದು. ಪ್ರಕಟಣೆಯಲ್ಲಿ ತಾರೀಕು ಮಾತ್ರ ಇರುತ್ತದೆ, ಆ ತಾರೀಕು ಅರ್ಜಿ ಹಾಕುವವರ ಊರಿನಲ್ಲಿ ಮುಗಿಯಬೇಕು. ನಾನು ಆ ಸಾಲು ಓದಿದೆ. ಓದಿ, ಮುದುಕಿಯ ಕಿರಿಕಿರಿ ಇದು ಎಂದುಕೊಂಡು, ಆಮೇಲೆ ಮಾಡೋಣ ಎಂದು ಬಿಟ್ಟೆ. ಸರ್ವರ್ ಮಲೇಷ್ಯಾದ ಗಡಿಯಾರದಲ್ಲಿ ಓಡುತ್ತಿತ್ತು. ತಿಂಗಳ ಕೊನೆಯ ದಿನ ಇಲ್ಲಿ ಮುಗಿದ ಕ್ಷಣಕ್ಕೆ ಬಾಗಿಲು ತಾನಾಗಿ ಮುಚ್ಚುವಂತೆ ಮಾಡಿಟ್ಟೆ. ಮುಚ್ಚಿದ ಮೇಲೆ ಬಂದವರಿಗೆ ಕಾಣುವ ಒಂದು ಸಾಲನ್ನು ನಾನೇ ಮೆಚ್ಚಿಕೊಂಡು ಬರೆದಿದ್ದೆ: ಕ್ಷಮಿಸಿ, ನೀವು ತಡವಾಗಿ ಬಂದಿದ್ದೀರಿ.

ಇಲ್ಲಿ ದಿನ ಮುಗಿಯುವಾಗ ಅಲ್ಲಿ ಅದೇ ದಿನದ ನಡು ಮಧ್ಯಾಹ್ನ.

ಮರುದಿನ ನಾನು ಆಫೀಸಿಗೆ ಬರುವಾಗ ಮೇಡಮ್ ನನ್ನ ಕುರ್ಚಿಯಲ್ಲಿ ಕುಳಿತಿದ್ದರು. ಒಂದು ಈಮೇಲಿನ ಪ್ರತಿ ಕೈಗಿಟ್ಟರು. ಗ್ರೆನೇಡಾ ದೇಶಕ್ಕೆ ಸೇರಿದ ಇನ್ನೂ ಚಿಕ್ಕದೊಂದು ದ್ವೀಪದ ಹುಡುಗಿ, ಕೀಶಾ ಎಂದು ಹೆಸರು. ನೀರು ಸರಬರಾಜಿನ ಎಂಜಿನಿಯರಿಂಗ್ ಓದಬೇಕು. ಅಂಕಗಳು ಚೆನ್ನಾಗಿದ್ದವು. ಅಂಕಪಟ್ಟಿಗೆ ದೊಡ್ಡ ದ್ವೀಪದ ಸರ್ಕಾರಿ ಕಚೇರಿಯ ಮುದ್ರೆ ಬೇಕಿತ್ತು. ಅವಳಮ್ಮ ಹಿಂದಿನ ದಿನ ದೋಣಿಯಲ್ಲಿ ಹೋಗಿ ಮುದ್ರೆ ಹಾಕಿಸಿದ್ದರು, ಸಂಜೆಯ ದೋಣಿ ತಪ್ಪಿಹೋಗಿ ಬೆಳಗಿನ ದೋಣಿಗೆ ವಾಪಸ್ ಬಂದಿದ್ದರು. ತಾಯಿ ಮಗಳು ದಡದಿಂದ ನೇರ ಊರಿನ ಲೈಬ್ರರಿಗೆ ಹೋಗಿ ಕಂಪ್ಯೂಟರ್ ತೆರೆದಾಗ ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ. ನನ್ನ ಸಾಲು ಅವರಿಗೆ ಕಂಡಿತ್ತು. ಅವಳು ಜಗಳವಾಡಿರಲಿಲ್ಲ. "ತಡವಾಗಿದ್ದಕ್ಕೆ ಕ್ಷಮೆ ಇರಲಿ, ದೋಣಿ ತಪ್ಪಿತು, ಒಂದು ಅವಕಾಶ ಕೊಡಲು ಸಾಧ್ಯವೇ?" ಎಂದು ಬರೆದಿದ್ದಳು. ಆ ವರ್ಷ ದ್ವೀಪಗಳಿಂದ ಬಂದಿದ್ದ ಇನ್ನೆರಡು ಅರ್ಜಿಗಳು ಆಗಲೇ "ಇಲ್ಲ" ಟ್ರೇಗೆ ಹೋಗಿದ್ದವು. ಇವಳದ್ದೊಂದೇ ಉಳಿದದ್ದು. ಬಾಗಿಲು ಮುಚ್ಚಿದ ಪಟ್ಟಿ ಆಗಲೇ ತಾನಾಗಿ ಕಮಿಟಿಗೆ ಹೋಗಿತ್ತು, ಇನ್ನು ಅದನ್ನು ತೆರೆಯಲು ಕಮಿಟಿಯೇ ಒಪ್ಪಬೇಕಿತ್ತು.

ಮೇಡಮ್ ಕೂಗಾಡುತ್ತಾರೆಂದು ಕಾದೆ. ಅವರು ಕೂಗಾಡಲಿಲ್ಲ. ಪೆನ್ಸಿಲಿನ ಸಾಲಿದ್ದ ಹಾಳೆಯನ್ನು ಈಮೇಲಿನ ಪಕ್ಕದಲ್ಲಿಟ್ಟರು.

"ಓದಿದ್ರಾ ಇದನ್ನು, ಆವತ್ತು?"

"ಓದಿದ್ದೆ ಮೇಡಮ್."

"ಓದ್ಲಿಲ್ಲ ಅಂದಿದ್ರೆ ಬೇಜಾರಿರ್ಲಿಲ್ಲ," ಎಂದರು. "ಗುರುವಾರ ಕಮಿಟಿ. ನೀವು ಬರ್ಬೇಕು."

ಆ ತಿಂಗಳೇ ನನ್ನ ಕೆಲಸದ ಒಪ್ಪಂದ ಮುಗಿಯುವುದಿತ್ತು. ಅದು ಮುಂದುವರಿದರೆ ವೀಸಾ, ಇಲ್ಲವಾದರೆ ಹೆಂಡತಿ ಮಗಳನ್ನು ಕಟ್ಟಿಕೊಂಡು ಗಂಟುಮೂಟೆ ಕಟ್ಟಬೇಕು. ಸಿಸ್ಟಮ್ಮಿನಲ್ಲಿ ಏನೋ ತೊಂದರೆ ಎಂದು ಹೇಳಿ ಜಾರಿಕೊಳ್ಳಬಹುದು ಎಂಬ ಲೆಕ್ಕ ತಲೆಯಲ್ಲಿ ಓಡುತ್ತಲೇ ಇತ್ತು. ಸಿಸ್ಟಮ್ ಬಾಯಿಬಿಟ್ಟು ಅಲ್ಲಗಳೆಯುವುದಿಲ್ಲವಲ್ಲ. ಊಟಕ್ಕೆ ಕುಳಿತಾಗ ಹೆಂಡತಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಪಕ್ಕದಲ್ಲಿ ಅನ್ನ ಕಲಸುತ್ತಿದ್ದ ಮಗಳು ತಲೆ ಎತ್ತಿ "ಬಟ್ ಅಪ್ಪಾ, ಇಟ್ಸ್ ಯುವರ್ ಮಿಸ್ಟೇಕ್, ರೈಟ್?" ಎಂದಳು. ಕನ್ನಡ ಅರ್ಥವಾಗುವುದಿಲ್ಲ ಎಂದು ನಾವು ಮಕ್ಕಳ ಮುಂದೆ ಎಲ್ಲ ಮಾತಾಡಿಬಿಡುತ್ತೇವೆ. ಉತ್ತರ ಕೊಡುವುದು ಇಂಗ್ಲಿಷಿನಲ್ಲಾದರೂ ಅವಕ್ಕೆ ಎಲ್ಲವೂ ಅರ್ಥವಾಗಿರುತ್ತದೆ.

ಗುರುವಾರ ಕಮಿಟಿಯಲ್ಲಿ ನಿರ್ದೇಶಕರು, ಕಾನೂನು ಅಧಿಕಾರಿ, ಇನ್ನಿಬ್ಬರು ಇದ್ದರು. ಒಳಗೆ ಹೋಗುವ ಮುಂಚೆ ಮೇಡಮ್ ಆ ಹಾಳೆಯನ್ನು ನಾಲ್ಕಾಗಿ ಮಡಿಸಿ ತಮ್ಮ ಚೀಲದಲ್ಲಿಟ್ಟರು. "ಇದನ್ನು ನಾನು ತೋರಿಸುದಿಲ್ಲ. ತಪ್ಪು ಮಾಡಿದವ್ರೇ ಹೇಳ್ಬೇಕು. ನಾನು ಹೇಳಿದ್ರೆ ಅದು ಚಾಡಿ," ಎಂದರು.

ನಿರ್ದೇಶಕರು ಎಂದಿನಂತೆ ಶುರುಮಾಡಿದರು. ಅರ್ಜಿ ತಡ, ನಿಯಮ ನಿಯಮವೇ, ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು, ಕೆನಾಟ್ ಲಾ. ಸರಿಯಾದ ಅರ್ಜಿ ಒಂದೂ ಇಲ್ಲದಿರುವುದರಿಂದ ಸೀಟು ಸಾಮಾನ್ಯ ಪಟ್ಟಿಗೆ. ಮೇಡಮ್ ನನ್ನ ಕಡೆ ನೋಡಲೂ ಇಲ್ಲ. ಕಿಟಕಿಯಾಚೆ ನೋಡುತ್ತಿದ್ದರು. ನೋಡಿದ್ದರೆ ನನಗೆ ಸಿಟ್ಟು ಬಂದು ಸುಮ್ಮನಿರುತ್ತಿದ್ದೆನೋ ಏನೋ. ನಾನು ಎದ್ದು ನಿಂತೆ. ಎದ್ದು ನಿಲ್ಲುವ ಅಗತ್ಯವಿರಲಿಲ್ಲ, ಆದರೂ ನಿಂತೆ. ಅರ್ಜಿ ತಡವಾಗಿರಲಿಲ್ಲ, ಆ ಹುಡುಗಿಯ ಊರಿನಲ್ಲಿ ಆಗಿನ್ನೂ ಮಧ್ಯಾಹ್ನ, ಅವರ ದಿನ ಮುಗಿಯುವ ತನಕ ಬಾಗಿಲು ತೆರೆದಿರಬೇಕೆಂದು ನನಗೆ ಬರೆದುಕೊಟ್ಟಿದ್ದರು, ನಾನು ಓದಿಯೂ ಮಾಡಲಿಲ್ಲ ಎಂದೆ. ಒಂದು ನಿಮಿಷವೂ ಹಿಡಿಯಲಿಲ್ಲ ಅಷ್ಟು ಹೇಳಲು.

ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು. "ಸರಿ ಹಾಗಾದರೆ. ವಿಶೇಷ ಪರಿಗಣನೆ ಎಂದು ಈ ಒಂದು ಅರ್ಜಿ ತೆಗೆದುಕೊಳ್ಳೋಣ. ಪಾಪ ಹುಡುಗಿ." ಗೆದ್ದೆವು ಎಂದುಕೊಂಡೆ.

"ಬೇಡ," ಎಂದರು ಮೇಡಮ್.

ಎಲ್ಲರೂ ಅವರ ಕಡೆ ತಿರುಗಿದರು. ವಿಶೇಷ ಎಂದು ಬರೆದರೆ ಅವಳು ತಡ ಮಾಡಿದ್ದಾಳೆ, ನಾವು ದಯೆ ತೋರಿಸಿದ್ದೇವೆ ಎಂದಾಗುತ್ತದೆ. ಅವಳು ತಡ ಮಾಡಿಲ್ಲ. ಇವತ್ತು ದಯೆ ಎಂದು ಬರೆದರೆ ಮುಂದಿನ ವರ್ಷದ ಹುಡುಗ ಮತ್ತೆ ತಡವಾದವನೇ ಆಗುತ್ತಾನೆ. ಕೊನೆಯ ದಿನವೆಂದರೆ ಅರ್ಜಿದಾರರ ಊರಿನ ದಿನ ಎಂದು ನಿಯಮದಲ್ಲೇ ಬರೆಯಿರಿ, ಆ ನಿಯಮದ ಪ್ರಕಾರ ಈ ಅರ್ಜಿ ತೆಗೆದುಕೊಳ್ಳಿ. ಇಷ್ಟನ್ನು ಅವರು ಒಂದೇ ಉಸಿರಿನಲ್ಲಿ, ದನಿ ಏರಿಸದೆ ಹೇಳಿದರು. ಕೈಗೆ ಬಂದ ಸೀಟನ್ನು ಈಕೆ ಮಾತಿನ ಹಟಕ್ಕೆ ಕಳೆಯುತ್ತಿದ್ದಾರೆ ಎಂದು ಒಳಗೊಳಗೇ ಶಪಿಸಿದೆ. ನಿರ್ದೇಶಕರಿಗೂ ಸಿಟ್ಟು ಬಂತು. ನಿಯಮ ತಿದ್ದುವುದು ಇವತ್ತಿನ ವಿಷಯವಲ್ಲ, ಬೇಕಾದರೆ ವಿಶೇಷ ಪರಿಗಣನೆ, ಬೇಡವಾದರೆ ಅದೂ ಇಲ್ಲ, ಎಂದು ಎದ್ದರು. ಎಲ್ಲರೂ ಊಟಕ್ಕೆ ಹೋದರು.

ಮೇಡಮ್ ಏಳಲಿಲ್ಲ. ನಾನು ಬಾಗಿಲ ಹತ್ತಿರ ನಿಂತು "ಮೇಡಮ್, ಒಪ್ಕೊಂಡ್ಬಿಡಿ. ಹುಡುಗಿಗೆ ಸೀಟು ಸಿಕ್ರೆ ಸಾಕಲ್ವಾ?" ಎಂದೆ.

"ಸೀಟು ಮಾತ್ರ ಸಾಕಾಗಿದ್ರೆ ಆವಾಗ್ಲೇ ಒಪ್ತಿದ್ದೆ. ನೀವು ಹೋಗಿ, ಹಸಿವಾಗಿರ್ತದೆ, ಮಕಾನ್ ಮಾಡಿ ಬನ್ನಿ."

ನಾನೂ ಹೋಗಲಿಲ್ಲ. ಆ ದೊಡ್ಡ ಮೇಜಿನ ಎರಡು ತುದಿಯಲ್ಲಿ ನಾವಿಬ್ಬರೂ ಕುಳಿತೆವು. ಎಸಿ ಎಷ್ಟು ಜೋರಾಗಿತ್ತೆಂದರೆ ಮೇಡಮ್ ಸೆರಗನ್ನು ಎರಡು ಸುತ್ತು ಹೊದ್ದುಕೊಂಡಿದ್ದರು. ಸುಮಾರು ಒಂದೂವರೆ ಗಂಟೆಯ ನಂತರ ನಿರ್ದೇಶಕರು ವಾಪಸ್ ಬಂದರು. ಕೈಯಲ್ಲಿ ಅವರಿಗಾಗಿ ತಪಾವ್ ಮಾಡಿಸಿಕೊಂಡು ಬಂದ ಅನ್ನದ ಪೊಟ್ಟಣ. ಅದನ್ನು ಮೇಡಮ್ ಮುಂದಿಟ್ಟು, "ಊಟ ಮಾಡಿ. ನಿಯಮದ ಸಾಲು ನೀವೇ ಬರೆದುಕೊಡಿ, ಸಹಿ ಮಾಡುತ್ತೇನೆ," ಎಂದರು. ಊಟದ ಹೊತ್ತಿನಲ್ಲಿ ಅವರ ಮನಸ್ಸು ಬದಲಾದದ್ದು ಯಾಕೆ ಎಂದು ನನಗೆ ಗೊತ್ತಿಲ್ಲ. ಕೂತಿರುವ ಮುದುಕಿಯನ್ನು ನೆನೆಸಿಕೊಂಡು ಗಂಟಲಲ್ಲಿ ಅನ್ನ ಇಳಿಯಲಿಲ್ಲವೇನೋ. ಮೇಡಮ್ ಮೊದಲು ಸಾಲು ಬರೆದುಕೊಟ್ಟು, ಸಹಿ ಮಾಡಿಸಿಕೊಂಡು, ಆಮೇಲೆ ಪೊಟ್ಟಣ ಬಿಚ್ಚಿದರು. ನನ್ನನ್ನು ಯಾರೂ ನುಂಗಲಿಲ್ಲ. ಫೈಲಿನಲ್ಲಿ ಒಂದು ಟಿಪ್ಪಣಿ ಬಿತ್ತು, ಒಪ್ಪಂದ ಮುಂದುವರಿಯಿತು.

ಒಂದೇ ಒಂದು ಕಡೆ ಮೇಡಮ್ ಸೋತರು. ಕೀಶಾಗೆ ಹೋಗುವ ಪತ್ರದಲ್ಲಿ, ಬಾಗಿಲು ಬೇಗ ಮುಚ್ಚಿದ್ದು ನಮ್ಮ ತಪ್ಪು, ನೀವು ತಡ ಮಾಡಿರಲಿಲ್ಲ ಎಂದು ಒಂದು ಸಾಲು ಸೇರಿಸಿದ್ದರು. ಕಾನೂನು ಅಧಿಕಾರಿ ಅದನ್ನು ಹೊಡೆದು ಹಾಕಿದರು. ಸಂಸ್ಥೆ ಬರವಣಿಗೆಯಲ್ಲಿ ತಪ್ಪು ಒಪ್ಪಿಕೊಳ್ಳುವುದಿಲ್ಲವಂತೆ. ಪತ್ರ ಮಾಮೂಲಿ ಅಭಿನಂದನೆಯಾಗಿ ಹೋಯಿತು. ಅವತ್ತೇ ಮೇಡಮ್ ನನ್ನ ಕೈಯಿಂದ ಮಾತು ತೆಗೆದುಕೊಂಡದ್ದು. "ಅವಳು ಬಂದ ಕೂಡ್ಲೇ ನೀವು ಹೇಳ್ಬೇಕು. ತಾನು ತಡ ಮಾಡಿ ಬಂದವಳು ಅಂತ ತಿಳ್ಕೊಂಡು ಆ ಮಗು ನಾಲ್ಕು ವರ್ಷ ಇಲ್ಲಿ ಇರ್ಬಾರ್ದು." ಹೂಂ ಎಂದೆ.

ಕೀಶಾ ಬಂದಳು. ಎತ್ತರದ, ಗಂಭೀರ ಹುಡುಗಿ. ಎರಡನೆಯ ದಿನವೇ ನನ್ನನ್ನು ಹುಡುಕಿಕೊಂಡು ಬಂದು, ಅವಳ ಅಮ್ಮ ಕಳಿಸಿದ ಒಂದು ಹಿಡಿ ಜಾಯಿಕಾಯಿಯ ಪೊಟ್ಟಣ ಕೊಟ್ಟಳು. ವೆಬ್‌ಸೈಟ್ ನೋಡಿಕೊಳ್ಳುವವರು ನಾನೆಂದು ಯಾರೋ ಹೇಳಿದ್ದರಂತೆ. "ತಡವಾದರೂ ಒಳಗೆ ಬಿಟ್ಟಿರಲ್ಲ ಸರ್, ಅದಕ್ಕೆ," ಎಂದಳು. ಅದೇ ಸರಿಯಾದ ಹೊತ್ತು. ನಾನು ಬಾಯಿ ತೆರೆದೆ, "ಥ್ಯಾಂಕ್ಯೂ" ಎಂದೆ, ಪೊಟ್ಟಣ ತೆಗೆದುಕೊಂಡೆ. ಅಷ್ಟು ಕೃತಜ್ಞತೆಯಿಂದ ನೋಡುತ್ತಿದ್ದ ಮುಖಕ್ಕೆ, ನಿನ್ನ ಗೋಳಿಗೆ ಕಾರಣ ನಾನೇ ಎಂದು ಹೇಳಲು ನನ್ನಿಂದಾಗಲಿಲ್ಲ.

ಆ ವರ್ಷದ ಕೊನೆಗೆ ಮೇಡಮ್ ನಿವೃತ್ತರಾದರು. ಬೀಳ್ಕೊಡುಗೆ ಬೇಡವೆಂದು ಕಟ್ಟುನಿಟ್ಟಾಗಿ ಹೇಳಿ, ಕೊನೆಯ ದಿನವೂ ಏಳಕ್ಕೆ ಬಂದು ಐದಕ್ಕೆ ಹೊರಟರು. ಪೆನಾಂಗ್‌ನ ಬಯಾನ್ ಲೆಪಾಸ್‌ನಲ್ಲಿ ಚಿಪ್ ಕಾರ್ಖಾನೆಯ ಎಂಜಿನಿಯರ್ ಆಗಿರುವ ಮಗನ ಮನೆ ಸೇರಿಕೊಂಡರು. ಅಲ್ಲಿಂದ ಫೋನ್ ಬರುತ್ತಿತ್ತು. ಕ್ಷೇಮ ಸಮಾಚಾರ, ಮಗನ ಕಾಂಡೋದ ಹನ್ನೆರಡನೇ ಮಹಡಿಯಲ್ಲಿ ಮೀನು ಹುರಿಯಲು ಬಿಡುವುದಿಲ್ಲ ಎನ್ನುವ ದೂರು, ಈ ವರ್ಷದ ದ್ವೀಪದ ವಿದ್ಯಾರ್ಥಿ ಯಾವ ದೇಶದವನು ಎನ್ನುವ ವಿಚಾರಣೆ, ಕೊನೆಯಲ್ಲಿ "ಹೇಳಿದ್ರಾ?" ಎನ್ನುವ ಪ್ರಶ್ನೆ. ಕೀಶಾಗೆ ಪರೀಕ್ಷೆ ನಡೆಯುತ್ತಿದೆ ಎಂದೆ ಒಮ್ಮೆ. ರಜೆ ಎಂದೆ ಇನ್ನೊಮ್ಮೆ. ಹೇಳೋಣ ಮೇಡಮ್ ಎಂದೆ. ಅವರು ಫೋನ್ ಇಟ್ಟುಬಿಟ್ಟರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಇತ್ತ ಕೀಶಾಳನ್ನು ನೋಡುತ್ತಲೇ ಇದ್ದೆ. ಎಲ್ಲ ಕಡೆಗೂ ಒಂದು ಗಂಟೆ ಮುಂಚೆ ಬರುವ ಹುಡುಗಿ ಎಂದು ಅವಳ ತರಗತಿಯವರು ತಮಾಷೆ ಮಾಡುತ್ತಿದ್ದರು. ಪರೀಕ್ಷೆಯ ಹಾಲ್ ಬೀಗ ತೆಗೆಯುವ ಮುಂಚೆ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದಳು. ಮಾತುಮಾತಿಗೆ ಸಾರಿ ಎನ್ನುತ್ತಿದ್ದಳು. ಇದು ಆ ಹುಡುಗಿಯ ಸ್ವಭಾವ ಎಂದು ಎಲ್ಲರೂ ಅಂದುಕೊಂಡಿದ್ದರು. ಸ್ವಭಾವವಲ್ಲ ಎಂದು ನನಗೊಬ್ಬನಿಗೆ ಅನುಮಾನವಿತ್ತು.

ಪೆನಾಂಗ್‌ನ ಚರ್ಚಿಗೆ ಹೋಗಿ ಮೇಡಮ್ ಮುಖ ನೋಡಿ ಬಂದೆ. ಹಣೆಯ ಮೇಲೆ ಸದಾ ಇರುತ್ತಿದ್ದ ಸಿಟ್ಟಿನ ಗಂಟು ಹೋಗಿತ್ತು. ಬೇರೆ ಯಾರೋ ಅನ್ನಿಸಿತು. ಮಗ ಕೈ ಹಿಡಿದುಕೊಂಡು, "ಹೋದ ವಾರ ಕೂಡ ನಿಮಗೆ ಫೋನ್ ಮಾಡ್ಬೇಕು ಅಂತಿದ್ರು ಅಂಕಲ್. ಏನೋ ಕೇಳ್ಬೇಕಂತೆ," ಎಂದ. ಏನೆಂದು ನನಗೆ ಗೊತ್ತಿತ್ತು. ವಾಪಸ್ ಬರುವ ಬಸ್ಸಿನಲ್ಲೇ ಕೀಶಾಗೆ ಮೆಸೇಜ್ ಹಾಕಿದೆ: ನಾಳೆ ಸಂಜೆ ಏಳಕ್ಕೆ ಕ್ಯಾಂಟೀನಿನಲ್ಲಿ ಸಿಗು, ಮಾತಾಡಬೇಕು. ಹಾಕಿದ ಮೇಲೆ ಅಳಿಸಲು ಬೆರಳು ಹೋಯಿತು. ಅಷ್ಟರಲ್ಲಿ ಅವಳು ಸರಿ ಎಂದು ಉತ್ತರಿಸಿಯಾಗಿತ್ತು.

ಮರುದಿನ ನಾನು ಆರೂವರೆಗೇ ಹೋದೆ. ಅವಳು ಆಗಲೇ ಅಲ್ಲಿದ್ದಳು.

ಪೀಠಿಕೆ ಹಾಕಲಿಲ್ಲ. "ಕೀಶಾ, ಆವತ್ತು ನೀನು ತಡ ಮಾಡಿರಲಿಲ್ಲ," ಎಂದೆ. ಅವಳು ನಕ್ಕಳು. "ಅರ್ಧ ಗಂಟೆ ಸರ್. ನನಗೆ ಗೊತ್ತು." ಇಲ್ಲ ಎಂದೆ. ಎಲ್ಲವನ್ನೂ ಹೇಳಿದೆ. ಗಡಿಯಾರ, ಪೆನ್ಸಿಲಿನ ಸಾಲು, ನಾನು ಓದಿಯೂ ಬಿಟ್ಟದ್ದು, ಕ್ಷಮಿಸಿ ಎಂಬ ಆ ಸಾಲು ನನ್ನದೇ ಎಂಬುದು, ಮೇಡಮ್ ಊಟ ಬಿಟ್ಟು ಕುಳಿತದ್ದು, ಪತ್ರದಿಂದ ಹೊಡೆದು ಹಾಕಿದ ಮಾತು. ನಿನಗೆ ಸಿಕ್ಕಿದ್ದು ದಯೆಯಲ್ಲ, ನಿಯಮದ ಪ್ರಕಾರ ನಿನ್ನದೇ ಸೀಟು ಎಂದೆ. ಅವಳ ನಗು ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ.

"ನಿಮಗೆ ಮೂರು ವರ್ಷದಿಂದ ಗೊತ್ತಿತ್ತಾ?"

"ಗೊತ್ತಿತ್ತು."

"ನಮ್ಮಮ್ಮ ಆ ಸಂಜೆಯ ದೋಣಿ ತಪ್ಪಿಸಿಕೊಂಡದ್ದಕ್ಕೆ ಈಗಲೂ ನನ್ನ ಹತ್ತಿರ ಸಾರಿ ಕೇಳುತ್ತಾಳೆ. ಪ್ರತಿ ಭಾನುವಾರ ಫೋನಿನಲ್ಲಿ. ನನ್ನಿಂದ ನಿನ್ನ ಬದುಕು ಹಾಳಾಗುತ್ತಿತ್ತು, ದೇವರು ಕಾಪಾಡಿದ ಅಂತ. ಪ್ರತಿ ಭಾನುವಾರ, ಸರ್." ಅವಳ ದನಿ ಏರಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೇಕಿತ್ತು ನನಗೆ ಅದು.

ಅವಳು ಎದ್ದು ಫೋನ್ ತೆಗೆದಳು. ಅಲ್ಲಿ ಬೆಳಿಗ್ಗೆ ಏಳರ ಹೊತ್ತು. ಆಚೆಯಿಂದ ಒಂದು ಹೆಂಗಸಿನ ದನಿ, ಹಿಂದೆ ಕೋಳಿ ಕೂಗುವ ಸದ್ದು. ಕೀಶಾ ನನಗೆ ಪೂರ್ತಿ ಅರ್ಥವಾಗದಷ್ಟು ವೇಗವಾಗಿ, ತನ್ನ ಊರಿನ ಇಂಗ್ಲಿಷಿನಲ್ಲಿ ಏನೇನೋ ಹೇಳಿದಳು. ಆಚೆಯ ದನಿ ಇಲ್ಲ, ಇಲ್ಲ ಎನ್ನುತ್ತಿದ್ದದ್ದು ಮಾತ್ರ ತಿಳಿಯಿತು. ಕೀಶಾ ಫೋನನ್ನು ನನ್ನ ಕೈಗೆ ಕೊಟ್ಟಳು. "ನಾನು ಸಮಾಧಾನಕ್ಕೆ ಹೇಳ್ತಿದ್ದೇನೆ ಅಂತಾಳೆ. ನೀವೇ ಹೇಳಿ."

ಆ ತಾಯಿಗೆ ನಾನು ಯಾರೆಂದು ಹೇಳಿದೆ. ಬಾಗಿಲನ್ನು ಅರ್ಧ ದಿನ ಮುಂಚೆ ಮುಚ್ಚಿದವನು ನಾನು ಎಂದೆ. ನಿಮ್ಮ ಮಗಳು ಹೊತ್ತಿಗೆ ಸರಿಯಾಗಿ ಬಂದಿದ್ದಳು, ನೀವೂ ಬಂದಿದ್ದಿರಿ ಎಂದೆ.

ಕೋಳಿ ಮತ್ತೆ ಕೂಗಿತು.

"ಬೆಳಗಿನ ದೋಣಿ?" ಎಂದು ಕೇಳಿದರು ಆಕೆ.

"ಬೆಳಗಿನ ದೋಣಿ ಸಾಕಾಗಿತ್ತು, ಅಮ್ಮಾ. ಇನ್ನೂ ಅರ್ಧ ದಿನ ಇತ್ತು ನಿಮ್ಮ ಕೈಯಲ್ಲಿ."

"ಇನ್ನೊಂದು ಸಲ ಹೇಳಿ," ಎಂದರು.

ನಾನು ಇನ್ನೊಂದು ಸಲ ಹೇಳಿದೆ.